ಲೂಪಸ್ ಇರುವ ತಾಯಂದಿರು: ತಪಸ್ಸುಕಾಲದಲ್ಲಿ ಗಮನಿಸಬೇಕಾದದ್ದು

ನೀವು ಊರುಬಿಟ್ಟು ಪುಣೆಯ ಹಿಂಜವಾಡಿಯಲ್ಲಿ ನೆಲೆಸಿದ ಕ್ರೈಸ್ತ ತಾಯಿಯೇ? ಲೂಪಸ್‌ನ ಸುಸ್ತು, ಕೀಲುನೋವು ಹೊರಗೆ ಕಾಣುವುದಿಲ್ಲ. ‘ಚೆನ್ನಾಗೇ ಇದ್ದೀಯಲ್ಲ’ ಎನ್ನುವವರೇ ಹೆಚ್ಚು.

ಲೂಪಸ್ ಎಂದರೇನು?
ರೋಗನಿರೋಧಕ ವ್ಯವಸ್ಥೆಯು ದೇಹದ ಮೇಲೇ ದಾಳಿ ಮಾಡುವ ದೀರ್ಘಕಾಲದ ಕಾಯಿಲೆ. ಇದು ಅಂಟುವುದಿಲ್ಲ. ರೋಗಿಗಳಲ್ಲಿ 10ಕ್ಕೆ ಸುಮಾರು 9 ಮಂದಿ ಮಹಿಳೆಯರು.

ಉಪವಾಸ ಮಾಡಬೇಕೇ?
ಕಥೋಲಿಕ ಸಭೆಯ ಉಪವಾಸದ ನಿಯಮದಿಂದ ಕಾಯಿಲೆಯವರಿಗೆ ವಿನಾಯಿತಿ ಇದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಆಹಾರದ ಜೊತೆ ಸೇವಿಸಿ. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿ ದಿಢೀರನೆ ನಿಲ್ಲಿಸಬೇಡಿ, ಜೀವಕ್ಕೆ ಅಪಾಯವಾಗಬಹುದು.

ಚರ್ಚಿನಲ್ಲಿ
ಬಿಸಿಲು ಲೂಪಸ್ಸನ್ನು ಕೆರಳಿಸಬಹುದು. ಶುಭ ಶುಕ್ರವಾರದ ಶಿಲುಬೆಹಾದಿ ಬಯಲಿನಲ್ಲಿದ್ದರೆ ಕೊಡೆ, ತುಂಬುತೋಳಿನ ಬಟ್ಟೆ, ಸನ್‌ಸ್ಕ್ರೀನ್ ಬಳಸಿ, ನೆರಳಿನಲ್ಲಿರಿ. ಮಂಡಿಯೂರಲು ಆಗದಿದ್ದರೆ ಕುಳಿತೇ ಪ್ರಾರ್ಥಿಸಿ. ಅದು ಭಕ್ತಿಯ ಕೊರತೆಯಲ್ಲ.

ಮನೆಯಲ್ಲಿ
‘ಅಮ್ಮನಿಗೆ ಇವತ್ತು ಸುಸ್ತಾಗಿದೆ, ನಿನ್ನ ತಪ್ಪಲ್ಲ’ ಎಂದು ಮಕ್ಕಳಿಗೆ ಹೇಳಿ. ಮನೆಯವರೇ, ಅವರು ಕೇಳುವವರೆಗೆ ಕಾಯದೆ ಅಡುಗೆ, ಬಟ್ಟೆ ಒಗೆಯುವ ಕೆಲಸ ಹಂಚಿಕೊಳ್ಳಿ.

ವೈದ್ಯರನ್ನು ಯಾವಾಗ ಕಾಣಬೇಕು?
ಜ್ವರ, ಕಾಲು ಅಥವಾ ಮುಖದ ಊತ, ನೊರೆಯಾಗುವ ಮೂತ್ರ ಕಂಡರೆ ತಡಮಾಡದೆ ಸಂಧಿವಾತ ತಜ್ಞರನ್ನು ಕಾಣಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸುವವರು ವೈದ್ಯರು ಹೇಳಿದಂತೆ ಕಣ್ಣಿನ ಪರೀಕ್ಷೆಯನ್ನೂ ತಪ್ಪಿಸಬಾರದು.