ಡಿಎನ್‌ಎ-ಬೆಳ್ಳಿ ನ್ಯಾನೋಕ್ಲಸ್ಟರ್ ಮತ್ತು ಮಂಗನ ಕಾಯಿಲೆಯ ಪತ್ತೆ: ಒಂದು ಟಿಪ್ಪಣಿ

1. ವ್ಯಾಪ್ತಿ

ಮಂಗನ ಕಾಯಿಲೆಯ ವೈರಸ್ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರ ಋತುವಿನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಪ್ರಕರಣಗಳು ವರದಿಯಾದವು. ಮಲೆನಾಡಿನ ಕಮ್ಮರಡಿಯಂಥ ಊರುಗಳಲ್ಲಿ ದರಗು ಗುಡಿಸುವ ಕಾಲವೂ ಉಣುಗು ಹೆಚ್ಚುವ ಕಾಲವೂ ಬಹುಮಟ್ಟಿಗೆ ಒಂದೇ. ಜ್ವರ ಬಂದ ಮೊದಲ ವಾರದಲ್ಲೇ ಪತ್ತೆಯಾಗಬೇಕು. ವೈರಸ್‌ನ ಜೀನೋಮ್ ಸುಮಾರು 10,800 ನ್ಯೂಕ್ಲಿಯೊಟೈಡ್‌ಗಳ ಒಂಟಿ ಎಳೆಯ ಆರ್‌ಎನ್‌ಎ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು 2012ರಲ್ಲಿ ಪ್ರಕಟಿಸಿದ ಆರ್‌ಟಿ-ಪಿಸಿಆರ್ ವಿಧಾನಗಳು ಹುಡುಕುವುದು ಇದನ್ನೇ. ಬೆಳ್ಳಿಯ ಕ್ಲಸ್ಟರ್, ಅಂದರೆ ಡಿಎನ್‌ಎ ಎಳೆ ಹಿಡಿದಿಟ್ಟುಕೊಂಡ ಕೆಲವೇ ಬೆಳ್ಳಿ ಪರಮಾಣುಗಳ ಪ್ರತಿದೀಪಕ ಗುಂಪು, ಈ ಗುರಿಗೆ ಒದಗೀತೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

2. ಬೆಳ್ಳಿ ಪರಮಾಣುಗಳ ಎಣಿಕೆ

ಪೆಟ್ಟಿ, ಡಿಕ್ಸನ್ ಮತ್ತಿತರರ 2004ರ ಮೊದಲ ವರದಿ 12 ಬೇಸ್‌ಗಳ ಡಿಎನ್‌ಎ ಎಳೆಯೊಂದಕ್ಕೆ 1ರಿಂದ 4 ಬೆಳ್ಳಿ ಪರಮಾಣುಗಳನ್ನು ಹೇಳಿತ್ತು. ಕ್ಲಸ್ಟರ್‌ಗಳನ್ನು ಬೇರ್ಪಡಿಸಿ ತೂಗಿದ ಮುಂದಿನ ಅಧ್ಯಯನಗಳಲ್ಲಿ ಸಂಖ್ಯೆ ಹತ್ತನ್ನು ದಾಟಿತು. 2019ರ ಸ್ಫಟಿಕ ರಚನೆಯಲ್ಲಿ ಎರಡು ಎಳೆಗಳ ನಡುವೆ 16 ಪರಮಾಣುಗಳು ಸ್ಪಷ್ಟವಾಗಿ ಕಂಡವು. ಇನ್ನೆರಡು ಸ್ಥಾನಗಳು ಮಸುಕಾಗಿದ್ದವು, ಅವನ್ನೂ ಬೆಳ್ಳಿಯೆಂದೇ ಊಹಿಸಲಾಗಿತ್ತು. 2023ರ ದ್ರವ್ಯರಾಶಿ ಮಾಪನವು ಅವು ಕ್ಲೋರೈಡ್ ಎಂದು ತೋರಿಸಿತು. ಈ ತಿದ್ದುಪಡಿಯನ್ನು ಬರೀ ಲೆಕ್ಕದ ವಿಷಯವೆನ್ನಲಾಗದು: ಎಲೆಕ್ಟ್ರಾನ್‌ಗಳ ಎಣಿಕೆಯೂ ಅದರೊಂದಿಗೆ ಬದಲಾಗುತ್ತದೆ.

3. ಸಂಕೇತ

2010ರಲ್ಲಿ ಯೇ, ವರ್ನರ್ ಮತ್ತಿತರರು ಮಂಕಾದ ಕ್ಲಸ್ಟರ್‌ನ ಬಳಿಗೆ ಗ್ವಾನಿನ್ ಹೆಚ್ಚಿರುವ ಎಳೆ ಬಂದಾಗ ಕೆಂಪು ಪ್ರತಿದೀಪ್ತಿ 500 ಪಟ್ಟಿನವರೆಗೆ ಏರುವುದನ್ನು ವರದಿ ಮಾಡಿದರು. ಗುರಿಯ ಅನುಕ್ರಮವೇ ಎರಡೂ ಎಳೆಗಳನ್ನು ಹತ್ತಿರ ತರುವುದರಿಂದ, ಜೋಡಣೆಯಾಗದೆ ಉಳಿದ ಶೋಧಕವನ್ನು ತೊಳೆದು ತೆಗೆಯಬೇಕಿಲ್ಲ. ಅದೇ ವರ್ಷ ಚೀನಾದ ಎರ್ಕಾಂಗ್ ವಾಂಗ್ ಅವರ ತಂಡ ಕುಡಗೋಲು ಕಣ ರಕ್ತಹೀನತೆಯ ಒಂಟಿ ಬೇಸ್ ವ್ಯತ್ಯಾಸವನ್ನು ಬೆಳ್ಳಿ ಕ್ಲಸ್ಟರ್‌ಗಳಿಂದ ಗುರುತಿಸಿತು. ಆಯ್ಕೆಯ ಸೂಕ್ಷ್ಮತೆ ಸಾಲದೆಂಬ ಆಕ್ಷೇಪಕ್ಕೆ, ನನ್ನ ಮಟ್ಟಿಗೆ, ಇದು ಸಾಕಷ್ಟು ಉತ್ತರ.

4. ಎರಡು ತೊಡಕು

(ಅ) ಸಾಂದ್ರತೆ. ಇಂಥ ಶೋಧಕಗಳು ಸಾಮಾನ್ಯವಾಗಿ ಕೆಲಸ ಮಾಡುವುದು ನ್ಯಾನೋಮೋಲಾರ್ ಮಟ್ಟದಲ್ಲಿ. 1 ನ್ಯಾನೋಮೋಲಾರ್ ಎಂದರೆ ಮಿಲಿಲೀಟರಿಗೆ ಸುಮಾರು 60,000 ಕೋಟಿ ಅಣುಗಳು. ರೋಗಿಯ ರಕ್ತದಲ್ಲಿ ವೈರಸ್ ಆರ್‌ಎನ್‌ಎ ಆ ಪ್ರಮಾಣದ ಹತ್ತಿರಕ್ಕೂ ಬಾರದು, ವರ್ಧನೆ ತಪ್ಪದು.

(ಆ) ಕ್ಲೋರೈಡ್. ಸೀರಮ್ಮಿನಲ್ಲಿ ಲೀಟರಿಗೆ ಸುಮಾರು 100 ಮಿಲಿಮೋಲ್ ಕ್ಲೋರೈಡ್ ಇರುತ್ತದೆ. ಬೆಳ್ಳಿ ಅಯಾನುಗಳೊಡನೆ ಅದು ಬಿಳಿ ಗಸಿಯಾಗಿ ಕೆಳಗಿಳಿಯುತ್ತದೆ. ಆದ್ದರಿಂದ ತಯಾರಿಕೆಯಲ್ಲಿ ಬೆಳ್ಳಿ ನೈಟ್ರೇಟ್, ಸೋಡಿಯಂ ಬೊರೊಹೈಡ್ರೈಡ್ ಮತ್ತು ಕ್ಲೋರೈಡ್‌ರಹಿತ ಬಫರ್ ಬಳಸುವುದು ರೂಢಿ. ಇಲ್ಲಿ ಸಾಹಿತ್ಯ ಒಂದೇ ಮಾತು ಹೇಳುತ್ತಿಲ್ಲ: 2023ರ ಪುರಾವೆಯಂತೆ ಕೆಲವು ಕ್ಲಸ್ಟರ್‌ಗಳಲ್ಲಿ ಕ್ಲೋರೈಡೇ ರಚನೆಯ ಭಾಗ. ಹಾಗಾಗಿ ‘ಕ್ಲೋರೈಡ್ ಹಾನಿಕರ’ ಎಂಬ ಹೇಳಿಕೆಯನ್ನು ಪ್ರಮಾಣ ನಮೂದಿಸದೆ ಬಳಸಬಾರದು.

5. ತೀರ್ಮಾನ

ನೇರ ರಕ್ತಪರೀಕ್ಷೆಗೆ ಈ ಶೋಧಕ ಸದ್ಯ ಯೋಗ್ಯವಲ್ಲ. ಆರ್‌ಎನ್‌ಎ ಹೊರತೆಗೆದು ವರ್ಧಿಸಿದ ಮೇಲೆ, ಫಲಿತಾಂಶ ಓದುವ ಕೊನೆಯ ಹಂತದಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ಅಲ್ಲಿಯೂ ಆರ್‌ಟಿ-ಪಿಸಿಆರ್‌ನೊಂದಿಗೆ ಅದೇ ಮಾದರಿಗಳ ಮೇಲೆ ಹೋಲಿಕೆ ಕಡ್ಡಾಯ.