ಮಾಡಿನಡಿಯ ಫಲಕ

ಅಜೆಕಾರು ಪೇಟೆಯಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ ಜವುಳಿ ಅಂಗಡಿಯನ್ನು ಈಗ ನನ್ನ ತಮ್ಮನ ಮಗ ನೋಡಿಕೊಳ್ಳುತ್ತಿದ್ದಾನೆ. 2024ರ ಮಾರ್ಚಿಯಲ್ಲಿ ನಾನು ಊರಿಗೆ ಹೋಗಿದ್ದಾಗ ಅವನೊಂದು ಅಳತೆಪಟ್ಟಿಯನ್ನು ನನ್ನ ಕೈಗಿತ್ತು, "ದೊಡ್ಡಪ್ಪ, ನೀವು ಲೆಕ್ಕದಲ್ಲಿ ಗಟ್ಟಿ. ಈ ಬೋರ್ಡಿನಲ್ಲಿ ನೂರಕ್ಕೆ ಅರುವತ್ತು ಎಲ್ಲಿಗೆ ಬರುತ್ತದೆ, ಗುರುತು ಹಾಕಿ ಕೊಡಿ" ಎಂದ.

ಅವನ ಅವಸರಕ್ಕೆ ಕಾರಣವಿತ್ತು. ಅಂಗಡಿ ಫಲಕಗಳ ವಿಷಯವಾಗಿ 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ದೊಡ್ಡ ಪ್ರತಿಭಟನೆ ನಡೆದುದು ಓದುಗರಿಗೆ ನೆನಪಿರಬಹುದು. ಅದಾಗಿ ಎರಡು ತಿಂಗಳೊಳಗೆ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ವಿಧಾನಮಂಡಲ ತಿದ್ದುಪಡಿ ತಂದಿತು. ನಾಮಫಲಕದಲ್ಲಿ ಕನ್ನಡದ ಪಾಲು ಅರ್ಧದಿಂದ ಶೇಕಡಾ 60ಕ್ಕೆ ಏರಿತು. ಅದು ಫಲಕದ ಮೇಲ್ಭಾಗದಲ್ಲಿಯೇ ಇರಬೇಕೆಂದೂ ಆಯಿತು. ಇದು ಹೊಸ ಯೋಚನೆಯೇನೂ ಅಲ್ಲ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಕೆಳಗೆ 1963ರಲ್ಲಿ ಬಂದ ನಿಯಮಗಳಿಗೆ, ಆಮೇಲೆ 24-ಎ ಎಂಬೊಂದು ನಿಯಮ ಸೇರಿ, ಫಲಕದಲ್ಲಿ ಕನ್ನಡವೇ ಎದ್ದು ಕಾಣಬೇಕೆಂದು ಹೇಳಿತ್ತು. ಆ ನಿಯಮ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಅಳತೆಪಟ್ಟಿ ಹಿಡಿದು ಏಣಿ ಹತ್ತಿದೆನೇನೋ ನಿಜ. ಆದರೆ ಹುಡುಗನ ಫಲಕದಲ್ಲಿ ಅಂಗಡಿಯ ಹೆಸರಿಗಿಂತ ದೊಡ್ಡದಾಗಿ ಒಬ್ಬ ನಗುವ ಸಿನಿಮಾ ನಟಿಯಿದ್ದಳು. ಅವಳನ್ನು ಯಾವ ಭಾಷೆಯ ಲೆಕ್ಕಕ್ಕೆ ಸೇರಿಸುವುದೆಂದು ತಿಳಿಯದೆ ಇಳಿದುಬಿಟ್ಟೆ.

ನಮ್ಮ ಕಾಲದ ಫಲಕದಲ್ಲಿ ಈ ತೊಡಕಿರಲಿಲ್ಲ. ಕಾರ್ಕಳದಿಂದ ಹೆಬ್ರಿಯ ಕಡೆಗೆ ಹೋಗುವ ದಾರಿಯ ಈ ಪುಟ್ಟ ಪೇಟೆಯಲ್ಲಿ ಆಗ ಅಂಗಡಿಗಳೆಲ್ಲ ಅಣ್ಣತಮ್ಮಂದಿರಂತೆ ಒಂದೇ ಮುಖದವು. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಮುಂದುಗಡೆ ಸೊಂಟದೆತ್ತರದ ಜಗಲಿ, ಜಗಲಿಗೆ ನಾಲ್ಕು ಮರದ ಕಂಬ. ಫಲಕವೆಂದರೆ ನಡುವಣ ಎರಡು ಕಂಬಗಳ ಮಧ್ಯೆ ತೂಗಿದ ಒಂದು ಹಲಸಿನ ಹಲಗೆ. ಉದ್ದ ನಾಲ್ಕು ಅಡಿ, ಅಗಲ ಒಂದಡಿ. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ. ಯಾರೂ ಅದಕ್ಕಿಂತ ದೊಡ್ಡದನ್ನು ಹಾಕುತ್ತಿರಲಿಲ್ಲ. ವಿನಯದಿಂದಲ್ಲ, ಹಾಕುವಂತಿರಲಿಲ್ಲ. ಘಟ್ಟದ ಬುಡದ ಊರು. ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ ಮೇಲಿನಿಂದ ಮಾತ್ರವಲ್ಲ, ಅಡ್ಡಡ್ಡವಾಗಿಯೂ ಬರುತ್ತದೆ. ಅದಕ್ಕೆಂದೇ ಬಡಗಿಗಳು ಮಾಡನ್ನು ಮನುಷ್ಯನ ತಲೆಯ ಹತ್ತಿರಕ್ಕೆ ಇಳಿಸುತ್ತಿದ್ದರು. ಫಲಕ ಆ ಮಾಡಿನ ಒಳಗಿದ್ದರೆ ಬಣ್ಣ ಹತ್ತು ವರ್ಷ ಉಳಿಯುತ್ತಿತ್ತು; ಹೊರಗಿಟ್ಟರೆ ಒಂದೇ ಮಳೆಗಾಲ. ಹೀಗೆ ನಮ್ಮ ಪೇಟೆಯ ಫಲಕಗಳ ಅಳತೆಯನ್ನು ಗೊತ್ತುಮಾಡಿದ್ದು ಮಳೆ.

ಬೇರೆ ದೇಶಗಳಲ್ಲಿ ಈ ಕೆಲಸವನ್ನು ಸರಕಾರವೇ ಮಾಡಬೇಕಾಯಿತು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಅಂಗಡಿಕಾರರು ಕಬ್ಬಿಣದ ತೋಳುಗಳಿಗೆ ಭಾರವಾದ ಫಲಕಗಳನ್ನು ತೂಗುಹಾಕಿ, ಒಬ್ಬನಿಗಿಂತ ಒಬ್ಬನು ಬೀದಿಯ ನಡುವಿಗೆ ಚಾಚುತ್ತಿದ್ದರಂತೆ. ಓದು ಬಾರದ ಗಿರಾಕಿಗಳಿಗೆಂದು ಅವುಗಳ ಮೇಲೆ ಸಿಂಹ, ಮೀನು, ಬೂಟು ಮುಂತಾದ ಚಿತ್ರಗಳು. 1718ರಲ್ಲಿ ಅಂಥದೊಂದು ಫಲಕ ಗೋಡೆಯ ಮುಂಭಾಗವನ್ನೇ ಎಳೆದುಕೊಂಡು ಬಿದ್ದು ನಾಲ್ವರು ಸತ್ತರು. ಆದರೂ ಫಲಕಗಳು ಗೋಡೆಗಂಟಿ ಚಪ್ಪಟೆಯಾಗಿರಬೇಕೆಂಬ ಕಟ್ಟುಪಾಡು ಬರಲು 1762 ಆಗಬೇಕಾಯಿತು. ಪ್ಯಾರಿಸ್ಸಿನಲ್ಲಿ ಅದೇ ಕಟ್ಟಳೆ ಒಂದು ವರ್ಷ ಮೊದಲೇ ಬಂದಿತ್ತು. ಮನೆಗಳಿಗೆ ನಂಬರು ಹಾಕುವ ಪದ್ಧತಿ ಲಂಡನ್ನಿನಲ್ಲಿ ಬಲವಾದದ್ದು ಇದರ ಬೆನ್ನಿಗೇ. ಚಿತ್ರ ಕಾಣದಾದ ಮೇಲೆ ಜನರಿಗೆ ಲೆಕ್ಕವಾದರೂ ಬೇಡವೆ?

ನಮ್ಮ ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ ಒಂದರವರೆಗೆ ಮದ್ರಾಸಿಗೆ ಸೇರಿತ್ತು. ಆ ಕಾಲದ ಕಟ್ಟಳೆಯೆಂದರೆ 1920ರ ಮದ್ರಾಸು ಜಿಲ್ಲಾ ಮುನಿಸಿಪಾಲಿಟಿ ಕಾಯಿದೆ. ನೆಲಮಟ್ಟದ ಕಿಟಕಿ ಬಾಗಿಲುಗಳು ಸಾರ್ವಜನಿಕ ಬೀದಿಯತ್ತ ಹೊರಕ್ಕೆ ತೆರೆಯುವುದನ್ನು ಅದು ತಡೆಯುತ್ತಿತ್ತು. ಬೀದಿಗೆ ಚಾಚಿದ ಕಟ್ಟಡದ ಭಾಗಗಳನ್ನು ತೆಗೆಸುವ ಅಧಿಕಾರವನ್ನೂ ಕೊಟ್ಟಿತ್ತು. ಅಂದಗೆಡುವ ಮಾತು ಅದರಲ್ಲಿರಲಿಲ್ಲ. ದಾರಿಹೋಕನ ತಲೆಗೆ ಪೆಟ್ಟಾಗಬಾರದೆಂಬುದಷ್ಟೇ ಚಿಂತೆ. ಅಜೆಕಾರಿನಂಥ ಹಳ್ಳಿಪೇಟೆಗೆ ಆ ಕಾಯಿದೆ ತಾಗುತ್ತಲೂ ಇರಲಿಲ್ಲ. ತಾಗಿದ್ದರೂ ನಮ್ಮ ಅಂಗಡಿಗಳಿಗೆ ಹೊರಕ್ಕೆ ತೆರೆಯುವ ಕಿಟಕಿಯೇ ಇರಲಿಲ್ಲವಲ್ಲ! ಮೇಲೂ ಕೆಳಗೂ ತೋಡಿದ ಗಾಡಿಯಲ್ಲಿ ನಿಲ್ಲುವ ಉದ್ದನೆಯ ಹಲಗೆಗಳೇ ಬಾಗಿಲು. ಪ್ರತಿ ಹಲಗೆಗೂ ಕನ್ನಡದ ಅಂಕಿ. ಬೆಳಿಗ್ಗೆ ಒಂದರಿಂದ ಹದಿನಾಲ್ಕರ ತನಕ ತೆಗೆದು ಒಳಗೆ ಒರಗಿಸಿದರೆ ಅಂಗಡಿಗೆ ಮುಂದಿನ ಗೋಡೆಯೇ ಇಲ್ಲ. ಸೀರೆ, ಪಂಚೆ, ತಂದೆಯವರ ಕನ್ನಡಕ, ಎಲ್ಲ ಬೀದಿಗೆ ಕಾಣುತ್ತಿತ್ತು. ಸಂಜೆ ಅಂಕಿ ತಪ್ಪಿಸಿ ನಿಲ್ಲಿಸಿದರೆ ಕೊನೆಯ ಹಲಗೆ ಕೂರುತ್ತಿರಲಿಲ್ಲ, ನನ್ನ ಕಿವಿ ಕೆಂಪಾಗುತ್ತಿತ್ತು. ಗಾಜಿನ ಪ್ರದರ್ಶನ ಕಿಟಕಿ ಚಳಿ ದೇಶದ ಸಾಧನ. ಇಂಗ್ಲೆಂಡಿನಲ್ಲಿ 1845ರಲ್ಲಿ ಗಾಜಿನ ಮೇಲಿನ ಸುಂಕ ರದ್ದಾದ ಮೇಲೆ ಅದು ಅಗ್ಗವಾಗಿ ಹಬ್ಬಿತು. ಬಾಗಿಲು ಮುಚ್ಚಿಕೊಂಡೇ ವ್ಯಾಪಾರ ಮಾಡಬೇಕಾದವನಿಗೆ ಸರಕು ತೋರಿಸಲು ಅದು ಬೇಕು. ಉಡುಪಿ, ಕಾರ್ಕಳದ ಅಂಗಡಿಗಳಿಗೆ ಅದು ಬಂದದ್ದು ಅಗತ್ಯದಿಂದಲ್ಲ, ಅಂತಸ್ತಿನಿಂದ.

ಇನ್ನು ಅಕ್ಷರಗಳ ವಿಷಯ. ನಮ್ಮ ಪೇಟೆಯ ಮಾತು ತುಳು. ಅದರ ಜೊತೆಗೆ ಕೊಂಕಣಿ, ಬ್ಯಾರಿ. ಜಗಲಿಯ ಮೇಲೆ ಕನ್ನಡದಲ್ಲಿ ಚೌಕಾಸಿ ಮಾಡಿದವರನ್ನು ನಾನು ಕಂಡದ್ದು ಕಡಮೆ. ಆದರೂ ಫಲಕ ಮಾತ್ರ ಕನ್ನಡದಲ್ಲಿ, ಕಾಯಿದೆಯ ಒತ್ತಾಯವಿಲ್ಲದೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು. 1843ರಲ್ಲಿ ಮೋಗ್ಲಿಂಗರ 'ಮಂಗಳೂರು ಸಮಾಚಾರ' ಹೊರಟಿತು. ತುಳು ಪುಸ್ತಕಗಳನ್ನೂ ಅವರು ಅಚ್ಚುಹಾಕಿದ್ದು ಕನ್ನಡ ಅಕ್ಷರಗಳಲ್ಲಿಯೇ. ಶಾಲೆಯ ಅಕ್ಷರವೂ ಅದೇ. ತುಳುವ ಗಿರಾಕಿಗೆ ಓದಲು ಬರುವುದಿದ್ದರೆ ಅದು ಕನ್ನಡವೇ. ವಿಚಿತ್ರವೆಂದರೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿ ನಮ್ಮ ಮಾಡುಗಳ ಆಕಾರ ಬದಲಿಸಿದವರೂ ಅದೇ ಮಿಶನ್ನಿನವರು. ಮಾಡೂ ಅದರಡಿಯ ಅಕ್ಷರವೂ ಒಂದೇ ಕಡೆಯಿಂದ ಬಂದ ಹಾಗಾಯಿತು. ಈಚೆಗೆ ತುಳು ಲಿಪಿಯ ಫಲಕಗಳೂ ಅಲ್ಲಲ್ಲಿ ಕಾಣಿಸುತ್ತಿವೆ. ನೂರಕ್ಕೆ ಅರುವತ್ತು ಹೋದ ಮೇಲೆ ಉಳಿದ ನಲುವತ್ತರಲ್ಲಿ ಅವು ಇಂಗ್ಲಿಷಿನೊಡನೆ ಜಾಗಕ್ಕೆ ಗುದ್ದಾಡಬೇಕು.

ಇಷ್ಟನ್ನು ಬರೆದು ನಿಲ್ಲಿಸಿದರೆ ಹಳೆಯ ಪೇಟೆ ಬಹಳ ಚೆಂದವಿತ್ತೆಂಬ ಮಾತಾಗುತ್ತದೆ. ಚೆಂದವಿತ್ತು, ಸುಳ್ಳಲ್ಲ. ಆದರೆ ಆ ಜಗಲಿಗೂ ಒಂದು ಬರೆಯದ ಕಟ್ಟಳೆಯಿತ್ತು. ಕೆಲವರು ಜಗಲಿಯ ಮೇಲೆ ಕುಳಿತು ಬೆಲ್ಲ ನೀರು ಕುಡಿದು ಸೀರೆ ಬಿಡಿಸಿ ನೋಡುತ್ತಿದ್ದರು. ಕೆಲವರು ಮೆಟ್ಟಿಲ ಬಳಿ ನಿಲ್ಲುತ್ತಿದ್ದರು. ಇನ್ನು ಕೆಲವರು ಮಾಡಿನ ನೀರು ಬೀಳುವ ಗೆರೆಯಿಂದಾಚೆ, ಅಂಗಳದಲ್ಲಿ, ತಲೆಗೆ ಮುಟ್ಟಾಳೆಯೊಂದಿಗೆ ನಿಂತು ಬೆರಳು ತೋರಿಸಿ ಬಟ್ಟೆ ಆರಿಸಬೇಕಿತ್ತು. ದುಡ್ಡನ್ನು ಅವರು ಮೆಟ್ಟಿಲಿನ ಮೇಲಿಡುತ್ತಿದ್ದರು. ಬಟ್ಟೆಯನ್ನು ನಾನು ಅಲ್ಲಿಯೇ ಇಡುತ್ತಿದ್ದೆ. ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ 1955ರಲ್ಲಿಯೇ ಬಂದು, ಯಾವ ಅಂಗಡಿಗೂ ಯಾರಿಗೂ ಪ್ರವೇಶ ತಡೆಯಕೂಡದೆಂದಿತ್ತು. ನಾನು ಹೇಳುತ್ತಿರುವುದು ಅದಾದ ಎಂಟು ಹತ್ತು ವರ್ಷಗಳ ಮೇಲಿನ ಮಾತು. ಅಂಗಡಿಯ ಮುಖಕ್ಕೆ ಸಂಬಂಧಿಸಿ ಈ ದೇಶದಲ್ಲಿ ಬಂದ ಕಟ್ಟಳೆಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲವೆಂದು ನಾನು ಎಣಿಸುತ್ತೇನೆ. ಅದರ ಸುದ್ದಿಯನ್ನು ನಮ್ಮ ಜಗಲಿಯಲ್ಲಿ ಯಾರೂ ಎತ್ತಿದ್ದು ನನಗೆ ನೆನಪಿಲ್ಲ. ನಾನೂ ಎತ್ತಲಿಲ್ಲ.

ಜಗಲಿ ಹೋದದ್ದು ಕಾಯಿದೆಯಿಂದಲ್ಲ, ರಸ್ತೆ ಅಗಲವಾದುದರಿಂದ. ಕಂಬ, ಮಾಡು, ಹಲಗೆ ಬಾಗಿಲು ಅದರೊಂದಿಗೇ ಹೋದವು. ಕಾಂಕ್ರೀಟಿನ ತಾರಸಿ ಬಂತು, ಸುರುಳಿ ಷಟರು ಬಂತು. ಮಳೆ ಹಾಕಿದ್ದ ಅಳತೆ ತಪ್ಪಿದ ಮೇಲೆ ಫಲಕ ತಾರಸಿಯ ಗೋಡೆಯಗಲಕ್ಕೂ ಬೆಳೆಯಿತು. 2016ರಲ್ಲಿ ಸರಕಾರ ಪ್ಲಾಸ್ಟಿಕ್ಕಿನೊಂದಿಗೆ ಫ್ಲೆಕ್ಸನ್ನೂ ನಿಷೇಧಿಸಿತಾದರೂ ನಮ್ಮ ಬೀದಿಯ ನಗುವ ನಟಿಯರಿಗೆ ಆ ಸುದ್ದಿ ತಲುಪಲಿಲ್ಲ. ಚಂಡೀಗಢದಲ್ಲಿ ಊರು ಕಟ್ಟುವಾಗಲೇ, 1954ರಲ್ಲಿ, ಜಾಹೀರಾತು ನಿಯಂತ್ರಣದ ಆಜ್ಞೆ ಹೊರಡಿಸಿದ್ದರು. ಬ್ರೆಜಿಲಿನ ಸಾವೊ ಪಾವ್ಲೊ ನಗರ 2007ರಿಂದ ಹೊರಾಂಗಣ ಜಾಹೀರಾತುಗಳನ್ನೇ ಕಿತ್ತುಹಾಕಿ ಅಂಗಡಿ ಫಲಕಕ್ಕೆ ಕಟ್ಟಡದ ಅಗಲಕ್ಕೆ ತಕ್ಕ ಮಿತಿ ಹಾಕಿತು. ನಮ್ಮ ಕಾಯಿದೆ ಕೇಳುವುದು ಭಾಷೆಯ ಪಾಲೊಂದನ್ನೇ. ಫಲಕ ಎಷ್ಟು ದೊಡ್ಡದು, ನೆರೆಯವನ ಕಿಟಕಿಯನ್ನು ಮುಚ್ಚಿತೆ ಎಂಬ ಪ್ರಶ್ನೆ ಅದರದಲ್ಲ. ಕನ್ನಡ ಅಜೆಕಾರಿನ ಫಲಕಗಳಿಂದ ಎಂದೂ ಮಾಯವಾಗಿರಲಿಲ್ಲ. ಮಾಯವಾದದ್ದು ಫಲಕದ ಅಳತೆ.

ಹೆಸರುಗಳೂ ಮಾಯವಾಗುತ್ತವೆನ್ನಿ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಅಲ್ಲಿಯೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು, ಎರಡರ ಫಲಕಗಳೂ 2020ರ ಏಪ್ರಿಲ್ ಒಂದರ ವಿಲೀನದ ಬಳಿಕ ಇಳಿದವು. ಅವು ಯಾವ ಭಾಷೆಯಲ್ಲಿದ್ದುವೆಂದು ಅಂದು ಯಾರೂ ಅಳೆಯಲಿಲ್ಲ. ನಮ್ಮ ಕಡೆಯ ಮುದುಕರು ಕೆಳಗೆ ನಿಂತು ಸುಮ್ಮನೆ ನೋಡಿದರು.

ಮರುದಿನ ಹುಡುಗ ಹಿಂದಿನ ಕೋಣೆಯ ಅಟ್ಟದಿಂದ ಹಳೆಯ ಹಲಗೆಯನ್ನು ಹುಡುಕಿ ತಂದ. ಅದನ್ನು ಮಗುಚಿ ಹಾಕಿ ಮೇಲೆ ಬಟ್ಟೆಯ ಗಂಟುಗಳನ್ನಿಟ್ಟಿದ್ದರು. ಒರೆಸಿದಾಗ ನೀಲಿ ಹೋಗಿ ಬಿಳಿ ಅಕ್ಷರ ಮಾತ್ರ ಉಳಿದಿತ್ತು. "ಇದು ನೂರಕ್ಕೆ ನೂರು ಕನ್ನಡ, ದೊಡ್ಡಪ್ಪ. ಇದನ್ನೇ ಹಾಕಿದರೆ ಯಾರೂ ಕೇಳುವುದಿಲ್ಲ" ಎಂದ. ಬಸ್ಸಿನಿಂದ ಇದು ಕಾಣುತ್ತದೆಯೇ ಎಂದು ನೋಡಲು ರಸ್ತೆ ದಾಟಿ ನಿಂತು ನೋಡಿದ, ಕಾಣಲಿಲ್ಲ. ಕೊನೆಗೆ ಹೊರಗೆ ಹೊಸ ಫಲಕವನ್ನೇ ಬರೆಸುವುದು, ನಟಿಯನ್ನು ಬಿಡುವುದು, ಹಳೆಯದನ್ನು ಒಳಗೆ ಗಲ್ಲೆಯ ಮೇಲೆ ಹೊಡೆಯುವುದು ಎಂದಾಯಿತು. ನಾವು ಮೊಳೆ ಹೊಡೆಯುತ್ತಿದ್ದಾಗ ಒಬ್ಬ ಮುದುಕಿ ಮೊಮ್ಮಗಳ ಕೈಹಿಡಿದು ರಸ್ತೆಯಿಂದ ನೇರ ಒಳಗೆ ಬಂದಳು. ಈಗ ನಡುವೆ ಮೆಟ್ಟಿಲಿಲ್ಲ. ಅವಳ ಮುಖ ನನಗೆ ಗೊತ್ತಿದ್ದಂತೆ ತೋರಿತು. ಅವಳು ಹಲಗೆಯನ್ನು ಒಮ್ಮೆ ನೋಡಿ, ನನ್ನನ್ನೂ ಒಮ್ಮೆ ನೋಡಿ, ಕುರ್ಚಿ ಎಳೆದುಕೊಂಡು ಕುಳಿತು ಮೊಮ್ಮಗಳಿಗೆ ಲಂಗದ ಬಟ್ಟೆ ತೋರಿಸಲು ಹೇಳಿದಳು.