ಕ್ಷಯರೋಗ: ಮಾತ್ರೆಯ ಜೊತೆಗೆ ಊಟವೂ ಬೇಕು



ಹೊಟ್ಟೆ ತುಂಬ ಊಟವಿದ್ದರೆ ಕ್ಷಯ ದೂರವಿರುತ್ತದೆ ಎಂಬ ಮಾತಿಗೆ ಈಗ ಲೆಕ್ಕದ ಆಧಾರ ಸಿಕ್ಕಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ 'ರೇಷನ್ಸ್' ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು.

ಶ್ವಾಸಕೋಶದ ಕ್ಷಯವಿದ್ದ 2,800 ರೋಗಿಗಳಿಗೂ ಪ್ರತಿ ತಿಂಗಳು ಆಹಾರ ಸಾಮಗ್ರಿ ಕೊಟ್ಟರು. ಅವರ ಮನೆಮಂದಿ 10,345 ಜನ. ಇವರಲ್ಲಿ ಒಂದು ಗುಂಪಿಗೆ ಮಾತ್ರ ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. ಆ ಗುಂಪಿನಲ್ಲಿ ಹೊಸದಾಗಿ ಕ್ಷಯ ಬಂದದ್ದು ಇನ್ನೊಂದು ಗುಂಪಿಗಿಂತ ಶೇ. 39ರಷ್ಟು ಕಡಿಮೆ. ರೋಗಿಗಳಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಹೆಚ್ಚಿದವರಿಗೆ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. ಮೈ ಸೊರಗಿದಾಗ ಒಳಗೆ ಅಡಗಿದ ರೋಗಾಣು ತಲೆ ಎತ್ತುವ ಅಪಾಯ ಹೆಚ್ಚು.

ಹಾಗೆಂದು ಊಟ ಔಷಧಕ್ಕೆ ಬದಲಲ್ಲ. ಮಾತ್ರೆಯನ್ನು ನಡುವೆ ಬಿಡಬಾರದು. ಪ್ರತಿ ತಿಂಗಳು ತೂಕ ನೋಡಿಸಿ ಬರೆದಿಡಿ.

ನಿಕ್ಷಯ್ ಪೋಷಣ್ ಯೋಜನೆ ಕೇಂದ್ರ ಸರ್ಕಾರದ್ದು. ಕಾಸರಗೋಡು, ತಾಳವಾಡಿ, ಜತ್ತ, ಆದೋನಿ, ಎಲ್ಲಿದ್ದರೂ ಅನ್ವಯ. ನೋಂದಾಯಿತ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂ. ಇದ್ದದ್ದು 2024ರ ನವೆಂಬರ್‌ನಿಂದ 1,000 ರೂ. ಆಗಿದೆ. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರೂ ನೋಂದಣಿಯಾಗಿದ್ದರೆ ಅರ್ಹರು.

ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಿ, ಸಂಕೋಚ ಬೇಡ. ಅರ್ಜಿ ತುಂಬಲು ಭಾಷೆಯ ತೊಡಕಾದರೆ ಸಂಘದ ಕಚೇರಿಗೆ ಬನ್ನಿ, ನಾವು ತುಂಬಿಕೊಡುತ್ತೇವೆ. ಹೆಸರು ಹೊರಗೆ ಹೋಗದು.